ಮತ್ತೆ ಒಂದರಿಂದ

ಸೂರತ್
೧೨ ಜನವರಿ ೧೯೬೭

ಚಿ. ಜಯಂತಿಗೆ,

ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಇದ್ದ ಹಾಗೆಯೇ ಇದ್ದೇವೆ, ನಿನ್ನ ಅಮ್ಮನ ಮಂಡಿನೋವೂ ಸೇರಿ.

ನಾಲ್ಕು ವರ್ಷದ ಕೆಳಗೆ, ಕುಂದಾಪುರದಿಂದ ಬಸ್ಸು ರೈಲು ಹತ್ತಿಳಿದು ಬಂದ ಗಂಡಿನ ಕಡೆಯವರ ಎದುರು, ಇನ್ನು ನಿನ್ನ ಹತ್ತಿರ ನನಗೆ ಮಾತಿಲ್ಲ ಎಂದವನು ನಾನೇ. ಆ ಮಾತಿಗೆ ಈಗಲೂ ತಪ್ಪಿಲ್ಲ. ಮಾತಿಲ್ಲ ಎಂದಿದ್ದೆ, ಕಾಗದ ಬರೆಯುವುದಿಲ್ಲ ಎಂದಿರಲಿಲ್ಲ. ಬೇಕಾದರೆ ಆವತ್ತು ಬಾಗಿಲಲ್ಲಿ ನಿಂತು ಕೇಳಿದವರನ್ನು ವಿಚಾರಿಸು. ಅರ್ಧ ಬೀದಿ ನಿಂತಿತ್ತು.

ಸಂಗತಿ ಇಷ್ಟು. ದೀಪಾವಳಿ ಕಳೆದ ಮೇಲೆ ನನ್ನ ಗಂಟಲು ಒಡೆಯಿತು. ಮೊದಲು ಶೀತ ಎಂದುಕೊಂಡೆ. ಆಮೇಲೆ ನಾನು ಮಸಾಲೆ ಎಂದು ಕೂಗಿದರೆ ಒಳಗಿನಿಂದ ಉಪ್ಪಿಟ್ಟು ಬರತೊಡಗಿತು. ಅಹಮದಾಬಾದಿನ ಡಾಕ್ಟರು ಕನ್ನಡಿ ಹಾಕಿ ನೋಡಿ, ದನಿ ಹೊರಡುವ ಜಾಗದಲ್ಲಿ ಸಾಬಕ್ಕಿ ಕಾಳಿನಷ್ಟು ಗಂಟುಗಳಿವೆ ಎಂದರು. ಮೂವತ್ತೈದು ವರ್ಷ ಕೂಗಿದ ಗುರುತು. ಡಿಸೆಂಬರಿನಲ್ಲಿ ಹೆರೆದು ತೆಗೆದರು. ಕೆಟ್ಟ ಜಾತಿಯ ಗಂಟಲ್ಲ ಎಂದು ಪರೀಕ್ಷೆಯಲ್ಲಿ ಬಂತು. ಆದರೆ ಏಪ್ರಿಲ್‌ವರೆಗೆ ಒಂದು ಅಕ್ಷರ ಆಡಕೂಡದು. ಪಿಸುಮಾತೂ ಇಲ್ಲ, ಅದು ಕೂಗುವುದಕ್ಕಿಂತ ಕೆಟ್ಟದ್ದಂತೆ. ಏಪ್ರಿಲಿನಲ್ಲಿ ಮಾತಾಡಿಸಿ ನೋಡುತ್ತಾರೆ. ಬಂದರೆ ಬಂತು.

ನಾನು ಯಾರು ಎಂದು ನಿನಗೆ ಗೊತ್ತಲ್ಲ. ತಟ್ಟೆ ತೊಳೆಯಲು ಈ ಊರಿಗೆ ಬಂದವನು ಕೋಟೇಶ್ವರ ಲಂಚ್ ಹೋಮಿನ ಗಲ್ಲಾದಲ್ಲಿ ಕೂತದ್ದು ಕೈಯಿಂದಲೂ ಅಲ್ಲ, ತಲೆಯಿಂದಲೂ ಅಲ್ಲ, ಕಂಠದಿಂದ. ಸ್ಟೇಷನ್ನಿನಲ್ಲಿ ಇಳಿದವರಿಗೆ ಬೋರ್ಡು ಕಾಣುವ ಮೊದಲು ನನ್ನ ದನಿ ಕೇಳುತ್ತಿತ್ತು. ಈಗ ಅಟ್ಟದಿಂದ ಒಂದು ಹಳೆಯ ಸ್ಲೇಟು ಇಳಿಸಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದೇನೆ. ಭಟ್ಟಿ ಮುಂದೆ ನಿಂತ ನಾರಾಯಣ ಸಮಾಧಾನ ಹೇಳುತ್ತಾನೆ, “ಹ್ವಾಯ್, ನೀವು ಕೂಗದಿದ್ರೂ ದ್ವಾಸಿ ಬೇಯತ್ತ್ ಮಾರಾಯ್ರೆ.” ಆ ಸಮಾಧಾನಕ್ಕಿಂತ ಗಂಟೇ ವಾಸಿ.

ರಕ್ತದೊತ್ತಡವೂ ಹೆಚ್ಚಿದೆ. ದಿನಕ್ಕೆ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದನ್ನು ಕಲಿಯಿರಿ, ಧ್ಯಾನ ಹೇಳಿಕೊಡುವವರು ಯಾರಾದರೂ ಗೊತ್ತೇ ಎಂದು ಡಾಕ್ಟರು ಕೇಳಿದರು. ಒಬ್ಬಳು ಗೊತ್ತು ಎಂದು ಸ್ಲೇಟಿನಲ್ಲಿ ಬರೆದೆ. ಆಮೇಲೆ ಒರೆಸಿದೆ.

ಹೊಸಬರಿಗೆ ಏನು ಹೇಳಿಕೊಡುತ್ತೀಯೋ ಅದನ್ನು ಬರೆದು ಕಳಿಸು. ಇದರಿಂದ ಲಾಭ ಏನು ಎನ್ನುವುದನ್ನೂ ಮೊದಲೇ ತಿಳಿಸು.

ಅಪ್ಪಯ್ಯ


ಬರೋಡಾ
೧೮ ಜನವರಿ ೧೯೬೭

ಅಪ್ಪಯ್ಯನಿಗೆ,

ಕಾಗದ ಬಂತು. ಮೂರು ಸಲ ಓದಿದೆ. ನನ್ನ ಕನ್ನಡಕ್ಕೆ ತುಕ್ಕು ಹಿಡಿದಿದೆ, ಇಲ್ಲಿ ಪಾಠ ಮಾಡುವ ಶಾಲೆಯಲ್ಲೂ ಸಂಜೆಯ ಧ್ಯಾನದ ತರಗತಿಯಲ್ಲೂ ಗುಜರಾತಿಯೇ. ಮೂರನೇ ಸಲ ಓದಿದ್ದು ಅಕ್ಷರ ನೋಡುವುದಕ್ಕೆ. ನೀವು ‘ಜ’ವನ್ನು ಈಗಲೂ ತಿಂಡಿ ಬೋರ್ಡಿನಲ್ಲಿ ಜಿಲೇಬಿಗೆ ಬರೆಯುವ ಹಾಗೆಯೇ ಬರೆಯುತ್ತೀರಿ.

ಹೊಸಬರಿಗೆ ನಾನು ಹೇಳುವುದು ಹೆಚ್ಚೇನಿಲ್ಲ. ಬೆಳಿಗ್ಗೆ, ಕಾಫಿಗೆ ಮೊದಲು, ಐದು ನಿಮಿಷ. ಕಂಬಳಿ ಮಡಚಿ ಅದರ ತುದಿಯಲ್ಲಿ ಕೂರಿ. ಸೊಂಟ ಮಂಡಿಗಿಂತ ಎತ್ತರ ಇರಲಿ. ಪದ್ಮಾಸನ ಬೇಡ. ಕಾಲು ಮಡಚಲಾಗದಿದ್ದರೆ ಕುರ್ಚಿ ಸಾಕು, ಪಾದ ನೆಲಕ್ಕೆ ತಾಗಲಿ. ಬೆನ್ನು ನೇರ, ಆದರೆ ಪೋಲೀಸಿನವರ ಹಾಗೆ ಅಲ್ಲ. ಕಣ್ಣು ಮುಚ್ಚಿ. ಉಸಿರನ್ನು ಎಳೆಯಬೇಡಿ, ತಡೆಯಬೇಡಿ; ಮೂಗಿನ ತುದಿಯಲ್ಲಿ ಅದು ಹೋಗಿ ಬರುವುದನ್ನು ಗಮನಿಸಿ. ಹೊರಗೆ ಬಿಟ್ಟ ಪ್ರತಿ ಉಸಿರಿಗೆ ಮನಸ್ಸಿನಲ್ಲೇ ಒಂದು ಅಂಕಿ. ಹತ್ತು ಆದ ಮೇಲೆ ಮತ್ತೆ ಒಂದು.

ಮನಸ್ಸು ಎಲ್ಲೋ ಹೋಗುತ್ತದೆ. ಎಲ್ಲರದ್ದೂ ಹೋಗುತ್ತದೆ. ಹೋದದ್ದು ಗೊತ್ತಾದಾಗ ಬೈಯದೆ ಕರೆದುಕೊಂಡು ಬನ್ನಿ.

ಲಾಭ ಕೇಳಿದ್ದೀರಿ. ನನಗೆ ಕಲಿಸಿದ ಹೇಮಲತಾಬೇನ್ ಆ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ನಾನು ಕೊಡುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತದೆ. ಸಿಟ್ಟು ಬರುತ್ತದೆ, ಆದರೆ ಬರುತ್ತಿದೆ ಎಂದು ಒಂದು ಕ್ಷಣ ಮೊದಲು ಗೊತ್ತಾಗುತ್ತದೆ. ಆ ಒಂದು ಕ್ಷಣ ನನಗೆ ಬಹಳ ಸಲ ಉಪಯೋಗಕ್ಕೆ ಬಂದಿದೆ.

ಗಂಟಲಿಗೆ ತಣ್ಣಗಿನದು ಕುಡಿಯಬೇಡಿ.

ಜಯಂತಿ


ಸೂರತ್
೩೧ ಜನವರಿ ೧೯೬೭

ಚಿ. ಜಯಂತಿಗೆ,

ಎಂಟು ದಿನ ಕೂತೆ. ವರದಿ ಒಪ್ಪಿಸುತ್ತಿದ್ದೇನೆ.

ಕಂಬಳಿಯ ಮೇಲೆ ಕೂತದ್ದು ಒಂದೇ ದಿನ. ಎಡಗಾಲು ಯಾರದೋ ಕಾಲಿನ ಹಾಗೆ ಮರಗಟ್ಟಿತು; ಎದ್ದು ನಿಲ್ಲಿಸಲು ನಿನ್ನ ಅಮ್ಮನೂ ನಾರಾಯಣನೂ ಬೇಕಾದರು. ಎರಡನೇ ದಿನದಿಂದ ಕುರ್ಚಿ.

ಉಸಿರು ಎಣಿಸುವುದು ನನಗೆ ಕಷ್ಟವಾಗಲಿಕ್ಕಿಲ್ಲ ಎಂದುಕೊಂಡಿದ್ದೆ. ಒಂದು ಮುಂಜಾನೆಗೆ ಎಷ್ಟು ಇಡ್ಲಿ ಹೋಯಿತು ಎಂದು ಪಾತ್ರೆ ನೋಡದೆ ಹೇಳುವವನು ನಾನು. ಆದರೆ ಒಂದು ಎಂದರೆ ಮನಸ್ಸು ಸಾದಾ ಎನ್ನುತ್ತದೆ. ಎರಡು ಎಂದರೆ ಮಸಾಲೆ. ಮೂರಕ್ಕೆ ಕಾಫಿ, ಕಡಕ್. ನಾಲ್ಕನೆಯದು ಬರುವುದರೊಳಗೆ ಸಾಂಬಾರಿಗೆ ಕೊತ್ತಂಬರಿ ಬಂದಿದೆಯೇ ಎಂದು ಯೋಚಿಸಿಯಾಗಿರುತ್ತದೆ. ಕಣ್ಣು ಮುಚ್ಚಿದರೆ ಹೋಟೆಲು ಇನ್ನೂ ಚೆನ್ನಾಗಿ ಕಾಣುತ್ತದೆ ಮಾರಾಯ್ತಿ. ಯಾವ ಮೇಜಿನ ಕಾಲು ಅಲುಗುತ್ತದೆ ಎಂದು ನನಗೆ ತಿಳಿದದ್ದೇ ಧ್ಯಾನದಲ್ಲಿ.

ಆದರೂ ಛಲ ಬಿಟ್ಟಿಲ್ಲ. ನಿನ್ನೆಗೆ ಒಟ್ಟು ಐನೂರ ಹನ್ನೆರಡು ಉಸಿರಾಯಿತು. ದಿನಕ್ಕೆ ಎಲ್ಲಿ ನಿಂತಿತೋ ಮರುದಿನ ಅಲ್ಲಿಂದ ಮುಂದುವರಿಸುತ್ತೇನೆ. ಫೆಬ್ರವರಿ ಮುಗಿಯುವುದರೊಳಗೆ ಎರಡು ಸಾವಿರ ದಾಟಿಸುವ ಅಂದಾಜಿದೆ.

ಇಲ್ಲಿ ಇನ್ನೊಂದು ತಮಾಷೆ. ಉಧ್ನಾದ ಮಗ್ಗದ ಶೇಠರು ಬಂದು ನನ್ನ ಸ್ಲೇಟು ನೋಡಿ, ಚಪ್ಪಲಿ ಬಿಟ್ಟು, “ಮೌನ ಲೀಧುಂ, ಮಹಾರಾಜ್?” ಎಂದರು. ಮೌನವ್ರತ ಹಿಡಿದಿದ್ದೇನೆ ಎಂದು ಅವರ ಎಣಿಕೆ. ಅಲ್ಲ, ಗಂಟಲು ಎಂದು ಬರೆಯುವಷ್ಟರಲ್ಲಿ ಕಾಲು ಮುಟ್ಟಿಯಾಗಿತ್ತು. ಮರುದಿನ ಹೆಂಡತಿ ಮಕ್ಕಳನ್ನೂ ಕರೆತಂದರು. ಮಾತಾಡಿಕೊಂಡಿದ್ದ ಮೂವತ್ತೈದು ವರ್ಷ ಯಾರೂ ನನಗೆ ಕೈ ಮುಗಿದದ್ದಿಲ್ಲ.

ಮೊನ್ನೆ ಕೂತಿದ್ದಾಗ ನೀನು ಬಂದೆ. ಆರು ವರ್ಷದವಳು. ನಾನು ಯಾರೊಡನೆಯೋ ಹರಟುತ್ತಿದ್ದಾಗ ಗಲ್ಲಾದ ಸ್ಟೂಲು ಹತ್ತಿ, ನನ್ನದೇ ರಾಗದಲ್ಲಿ, “ದೋ ಇಡ್ಲಿ, ಏಕ್ ವಡಾ” ಎಂದು ಕೂಗಿದ್ದೆ. ಒಳಗಿನವರು ನಂಬಿ ಕೊಟ್ಟರು. ಗಿರಾಕಿಯೇ ಇರಲಿಲ್ಲ. ನೀನು ಕೆಳಗಿಳಿದು ಹೋಗಿ ಎರಡು ಇಡ್ಲಿ, ಒಂದು ವಡೆ ತಿಂದು ಬಂದೆ. ಆವತ್ತು ನಾನು ನಕ್ಕದ್ದು ತಾಪಿ ನದಿಯ ಆಚೆ ದಡಕ್ಕೆ ಕೇಳಿರಬೇಕು.

ಇದೂ ಮನಸ್ಸು ಅಡ್ಡದಾರಿ ಹಿಡಿದ ಲೆಕ್ಕಕ್ಕೇ ಸೇರುತ್ತದೆಯೇ? ಬೈಯದೆ ಕರೆದುಕೊಂಡು ಬಾ ಎಂದಿದ್ದೆ. ಕರೆಯಲಿಲ್ಲ. ಸ್ವಲ್ಪ ಹೊತ್ತು ಅಲ್ಲಿಯೇ ಬಿಟ್ಟೆ.

ಕುರ್ಚಿಯ ಮೇಲಿನ,
ಅಪ್ಪಯ್ಯ


ಬರೋಡಾ
೬ ಫೆಬ್ರವರಿ ೧೯೬೭

ಅಪ್ಪಯ್ಯನಿಗೆ,

ಐನೂರ ಹನ್ನೆರಡು ಎಂದು ಓದಿ ತರಗತಿಯಲ್ಲೇ ನಕ್ಕುಬಿಟ್ಟೆ. ಆರು ಹೆಂಗಸರು, ಒಬ್ಬ ನಿವೃತ್ತ ಗಾರ್ಡು ಕಣ್ಣು ತೆರೆದು ನೋಡಿದರು.

ಹಾಗಲ್ಲ ಅಪ್ಪಯ್ಯ. ಅಂಕಿಯನ್ನು ಮುಂದಕ್ಕೆ ಒಯ್ಯಬಾರದು. ಹತ್ತರ ಮೇಲೆ ಹೋಗುವುದೇ ಇಲ್ಲ. ನಾಲ್ಕರಲ್ಲಿ ಕೊತ್ತಂಬರಿ ಬಂದರೆ ಐದಕ್ಕೆ ಹೋಗಬೇಡಿ; ಮತ್ತೆ ಒಂದರಿಂದ. ಸಾವಿರ ಸಲ ತಪ್ಪಿದರೆ ಸಾವಿರ ಸಲ ಒಂದರಿಂದ. ನಿಮಗೆ ಅದು ನಷ್ಟದ ಹಾಗೆ ಕಾಣುತ್ತದೆ, ಗೊತ್ತು. ತಪ್ಪಿತು ಎಂದು ತಿಳಿದು ವಾಪಸು ಬರುತ್ತೀರಲ್ಲ, ಅಭ್ಯಾಸ ಎನ್ನುವುದು ಅದೇ. ಹತ್ತು ಮುಟ್ಟುವುದು ಅಲ್ಲ.

ಇಡ್ಲಿ ಎರಡಲ್ಲ, ಮೂರು. ಒಂದನ್ನು ನೀವೇ ತಿಂದಿರಿ.

ಈ ತಿಂಗಳು ಡಾಕ್ಟರ ಹತ್ತಿರ ಯಾವತ್ತು ಹೋಗುತ್ತೀರಿ?

ಜಯಂತಿ


ಸೂರತ್
೨೨ ಫೆಬ್ರವರಿ ೧೯೬೭

ಚಿ. ಜಯಂತಿಗೆ,

ನಿನ್ನ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ. ಆದರೂ ನಿನಗೆ ದಿನ ಗೊತ್ತಾಯಿತು. ಯಾರು ಹೇಳಿದರು ಎಂದು ನನಗೂ ಗೊತ್ತು. ಮೊನ್ನೆ ಅಹಮದಾಬಾದಿಗೆ ಹೊರಡುವಾಗ ನಿನ್ನ ಅಮ್ಮ, “ಪ್ಲಾಟ್‌ಫಾರ್ಮ್ ಬದಿಯ ಕಿಟಕಿಯಲ್ಲೇ ಕೂತ್ಕಳಿ, ಗಾಳಿ ಬರ್ತದೆ” ಎಂದಳು. ಗಂಟಲು ಕೆಟ್ಟಂದಿನಿಂದ ಅವಳು ಗಂಟಲಿಗೆ ಗಾಳಿ ಬಿಡಬೇಡಿ ಎನ್ನುವವಳು.

ಅವಳ ವಿಷಯ ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಆರು ತಿಂಗಳಿಗೊಮ್ಮೆ ಅವಳು ರಣಛೋಡರಾಯನ ದರ್ಶನಕ್ಕೆಂದು ಡಾಕೋರ್‌ಗೆ ಹೋಗುತ್ತಾಳೆ. ಡಾಕೋರ್‌ಗೆ ಹೋದವರು ಯಾರೇ ಆಗಲಿ ಅಲ್ಲಿನ ಗೋಟಾ ಬಜ್ಜಿ ತರುತ್ತಾರೆ. ನಿನ್ನ ಅಮ್ಮ ತರುವುದು ಬರೋಡಾದ ಲೀಲೋ ಚೇವಡಾ. ಪೊಟ್ಟಣದ ಮೇಲೆ ಅಂಗಡಿಯ ಹೆಸರೂ ಊರೂ ದಪ್ಪ ಅಕ್ಷರದಲ್ಲಿ. ತಿಂಡಿ ವ್ಯಾಪಾರ ಮಾಡುವವನ ಕಣ್ಣಿಗೆ ಇದು ತಪ್ಪುತ್ತದೆಯೇ? ಏಳು ಸಲ ತಂದಿದ್ದಾಳೆ. ಏಳು ಸಲವೂ ತಿಂದಿದ್ದೇನೆ. ರಣಛೋಡರಾಯ ಹೇಗಿದ್ದಾನೆ ಎಂದು ಪ್ರತಿ ಸಲ ಕೇಳಿದೆ; ಚೆನ್ನಾಗಿದ್ದಾನೆ, ಸ್ವಲ್ಪ ಬಡಕಲಾಗಿದ್ದಾನೆ ಎಂದು ಒಮ್ಮೆ ಹೇಳಿದಳು. ಆವತ್ತು ನನಗೆ ಊಟ ಸೇರಲಿಲ್ಲ.

ಈಗ ಮೊನ್ನೆಯ ಮಾತು. ಗಾಡಿ ಬರೋಡಾದಲ್ಲಿ ಹತ್ತು ನಿಮಿಷ ನಿಂತಿತು. ನೀನು ಕಂಡೆ. ನೀಲಿ ಅಂಚಿನ ಸೀರೆ, ಕೈಯಲ್ಲಿ ಪೊಟ್ಟಣ. ಒಂದೊಂದೇ ಕಿಟಕಿ ನೋಡುತ್ತ ಹಿಂದಿನ ಡಬ್ಬಿಯವರೆಗೆ ಹೋದೆ, ತಿರುಗಿ ಬಂದೆ. ನನ್ನ ಕಿಟಕಿಯ ಎದುರು ಬಂದಾಗ ನಾನು ಪೇಪರು ಎತ್ತಿ ಮುಖಕ್ಕೆ ಹಿಡಿದೆ. ಎರಡು ಸಲವೂ.

ಯಾಕೆ ಎಂದರೆ, ನಿನ್ನ ಎದುರು ನಿಲ್ಲಲು ನನ್ನ ಹತ್ತಿರ ಇದ್ದದ್ದು ದನಿ ಒಂದೇ. ಸ್ಲೇಟು ಹಿಡಿದು ನಿಂತ ಅಪ್ಪನನ್ನು ಕಂಡು ನೀನು ಕನಿಕರಪಟ್ಟಿದ್ದರೆ ನನ್ನಿಂದ ತಡೆಯಲಾಗುತ್ತಿರಲಿಲ್ಲ. ಗಾಡಿ ಹೊರಟ ಮೇಲೆ ಆಣಂದ್ ಸ್ಟೇಷನ್ನಿನವರೆಗೆ ಉಸಿರು ಎಣಿಸಿದೆ. ಎರಡು ದಾಟಲಿಲ್ಲ.

ಡಾಕ್ಟರು ಗಾಯ ಮಾಯುತ್ತಿದೆ ಎಂದರು. ಏಪ್ರಿಲ್ ಹದಿನಾಲ್ಕಕ್ಕೆ ಮಾತಾಡಿಸುತ್ತಾರೆ.

ಅಪ್ಪಯ್ಯ


ಸೂರತ್
೧೯ ಮಾರ್ಚ್ ೧೯೬೭

ಚಿ. ಜಯಂತಿಗೆ,

ಇಪ್ಪತ್ತೈದು ದಿನವಾಯಿತು, ನಿನ್ನ ಕಾಗದವಿಲ್ಲ. ಮೊನ್ನೆ ಪೋಸ್ಟಿನಲ್ಲಿ ಚೇವಡಾದ ಪೊಟ್ಟಣ ಬಂತು. ಕಾಗದ ಇದೆಯೇ ಎಂದು ಹುಡುಕಿದೆ. ಬುಡದ ಕರಿಬೇವಿನವರೆಗೂ ಹುಡುಕಿದೆ. ಇರಲಿಲ್ಲ. ಸರಿ. ನಾಲ್ಕು ವರ್ಷ ನಾನು ಬರೆಯಲಿಲ್ಲ. ನಿನಗೆ ಇಪ್ಪತ್ತೈದು ದಿನದ ಹಕ್ಕಿಲ್ಲವೇ.

ಹೋಟೆಲಿನಲ್ಲಿ ಈಗ ಚೀಟಿ ಪದ್ಧತಿ ಬಂದಿದೆ. ಸಪ್ಲಾಯರು ಬರೆದು ಕಿಟಕಿಗೆ ಸಿಕ್ಕಿಸುತ್ತಾರೆ, ನಾರಾಯಣ ನೋಡಿ ಹೊಯ್ಯುತ್ತಾನೆ. ತಪ್ಪು ಕಡಿಮೆಯಾಗಿದೆ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ನನ್ನ ಕೂಗಿನಿಂದ ಹೋಟೆಲು ನಡೆಯುತ್ತಿದೆ ಎಂದುಕೊಂಡಿದ್ದೆ. ಹೋಟೆಲು ನಡೆಯುತ್ತಿತ್ತು, ನಾನು ಕೂಗುತ್ತಿದ್ದೆ, ಅಷ್ಟೆ.

ದಿನಾ ಹನ್ನೆರಡು ನಿಮಿಷ ಕೂರುತ್ತೇನೆ. ಒಂದರಿಂದಲೇ ಶುರು ಮಾಡುತ್ತೇನೆ, ಸತ್ಯವಾಗಿ. ಏಳರವರೆಗೆ ಹೋದ ದಿನಗಳಿವೆ. ನಿದ್ದೆ ಬರುತ್ತಿದೆ. ಒತ್ತಡ ಇಳಿದಿದೆ ಎಂದು ಇಲ್ಲಿಯ ಡಾಕ್ಟರು ಹೇಳಿದರು. ನೀನು ಹೇಳಿದ ಆ ಒಂದು ಕ್ಷಣ ನನಗೂ ಎರಡು ಸಲ ಸಿಕ್ಕಿತು. ಎರಡು ಸಲವೂ ನಾರಾಯಣ ಬಚಾವಾದ.

ನೀನು ಹೇಳದೆ ಬಿಟ್ಟದ್ದು ಒಂದಿದೆ. ಕೂತು ಕೂತು ಒಳಗಿನ ಗಲಾಟೆ ತಗ್ಗಿದ ಮೇಲೆ ಹಳೆಯ ಸದ್ದುಗಳು ಕೇಳುತ್ತವೆ. ಮೊನ್ನೆ ನನಗೆ ಆ ಬೆಳಿಗ್ಗೆ ಕೇಳಿಸಿತು. ಗಂಡಿನ ಕಡೆಯವರ ಕೈಯಲ್ಲಿ ಶಿರಾ ತಟ್ಟೆ. ನಿನ್ನ ಕೋಣೆಯ ಬಾಗಿಲು ಮುಚ್ಚಿತ್ತು. ನಾನು ಕೂಗಿದೆ. ಈ ನಾಲ್ಕು ವರ್ಷ ನನಗೆ ನೆನಪಿದ್ದದ್ದು ಬಾಗಿಲ ಒಳಗಿನ ನಿನ್ನ ಮೌನ. ಎಷ್ಟು ಕರೆದರೂ ಒಂದು ಉತ್ತರ ಕೊಡಲಿಲ್ಲವಲ್ಲ, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತು ನನ್ನ ಮರ್ಯಾದೆ ಕಳೆದಳಲ್ಲ ಎಂದು. ಮೊನ್ನೆ ಮೊದಲ ಸಲ ಬಾಗಿಲ ಈಚೆಯದು ಕೇಳಿತು. ಸ್ಟೇಷನ್ನಿಗೆ ಮುಟ್ಟುವ ದನಿಯನ್ನು ಮೂರು ಅಡಿ ದೂರದ ಹುಡುಗಿಯ ಮೇಲೆ ಬಿಟ್ಟಿದ್ದೆ.

ಇನ್ನು ಇದನ್ನು ಉದ್ದ ಮಾಡುವುದಿಲ್ಲ. ಚೇವಡಾ ಮುಗಿಯಿತು.

ಅಪ್ಪಯ್ಯ


ಬರೋಡಾ
೨೮ ಮಾರ್ಚ್ ೧೯೬೭

ಅಪ್ಪಯ್ಯನಿಗೆ,

ಬರೆಯಲು ಕೂತು ಕೂತು ಎದ್ದೆ. ನಾಲ್ಕು ಕಾಗದ ಹರಿದೆ.

ಪೇಪರು ನಿಮ್ಮ ಮುಖ ಮುಚ್ಚಿತ್ತು, ಸ್ಲೇಟನ್ನು ಮುಚ್ಚಿರಲಿಲ್ಲ. ಅದು ಮಂಡಿಯ ಮೇಲಿತ್ತು. ಮೂಲೆ ಒಡೆದ ಸ್ಲೇಟು, ಚೌಕಟ್ಟಿಗೆ ಕೆಂಪು ದಾರ. ಆ ದಾರ ಕಟ್ಟಿದವಳು ನಾನು, ಒಂದನೇ ಕ್ಲಾಸಿನಲ್ಲಿ. ಅಟ್ಟದಲ್ಲಿ ಅದನ್ನು ಇಟ್ಟುಕೊಂಡಿದ್ದೀರಿ ಎಂದು ನನಗೆ ಗೊತ್ತಿರಲಿಲ್ಲ. ಮೊದಲನೇ ಸಲ ಹೋಗುವಾಗಲೇ ನೋಡಿದೆ. ಎರಡನೇ ಸಲ ನಡೆದದ್ದು ನೀವು ಪೇಪರು ಇಳಿಸಲಿ ಎಂದು.

ಪೊಟ್ಟಣದ ವಿಷಯ. ಅಂಗಡಿಯ ಕಾಗದ ತೆಗೆದು ಬೇರೆಯದರಲ್ಲಿ ಕಟ್ಟಿಕೊಡು ಎಂದು ಅಮ್ಮ ಪ್ರತಿ ಸಲ ಹೇಳುತ್ತಿದ್ದಳು. ಮರೆತೆ ಎನ್ನುತ್ತಿದ್ದೆ. ಏಳು ಸಲವೂ.

ಆ ಬೆಳಿಗ್ಗೆ ನಾನು ಧ್ಯಾನ ಮಾಡುತ್ತಿರಲಿಲ್ಲ ಅಪ್ಪಯ್ಯ. ಬರೋಡಾಕ್ಕೆ ಹೋಗಿ ಕಲಿಯುತ್ತೇನೆ, ಈಗ ಮದುವೆ ಬೇಡ ಎಂದು ನಿಮಗೆ ಹೇಳಬೇಕೆಂದು ಎಂಟು ದಿನದಿಂದ ಗಲ್ಲಾದ ಹತ್ತಿರ ಬಂದು ನಿಲ್ಲುತ್ತಿದ್ದೆ. ನೀವು ಆರ್ಡರು ಕೂಗುತ್ತಿದ್ದಿರಿ. ಆವತ್ತು ಬಾಗಿಲು ಹಾಕಿ, ಕಣ್ಣು ಮುಚ್ಚಿ, ಹತ್ತು ಎಣಿಸಿ ಹೊರಗೆ ಬಂದು ಎಲ್ಲರ ಎದುರು ಹೇಳಿಬಿಡುತ್ತೇನೆ ಎಂದುಕೊಂಡೆ. ಮೂರರ ಮೇಲೆ ಹೋಗಲಾಗಲಿಲ್ಲ. ನೀವು ಕೂಗಿದಾಗೆಲ್ಲ ಮತ್ತೆ ಒಂದರಿಂದ. ಹತ್ತು ಮುಟ್ಟಿದಾಗ ಅವರು ಹೊರಟುಹೋಗಿದ್ದರು.

ನನ್ನ ತರಗತಿ ಸಂಜೆ ಐದೂವರೆಗೆ. ಸುರಸಾಗರ ಕೆರೆಯ ದಂಡೆಯಲ್ಲಿ, ಹಳದಿ ಬಣ್ಣದ ಕಟ್ಟಡದ ಹಾಲ್. ಬಾಗಿಲು ತೆರೆದೇ ಇರುತ್ತದೆ. ಮಂಡಿ ನೋವಿನವರಿಗೆ ಕೊನೆಯ ಸಾಲಿನಲ್ಲಿ ಎರಡು ಕುರ್ಚಿ ಇಟ್ಟಿದ್ದೇನೆ.

ಜಯಂತಿ


ಸೂರತ್
೧೦ ಏಪ್ರಿಲ್ ೧೯೬೭

ಚಿ. ಜಯಂತಿಗೆ,

ಶುಕ್ರವಾರ ಅಹಮದಾಬಾದ್. ಈ ಸಲ ನಿನ್ನ ಅಮ್ಮನೂ ಬರುತ್ತಾಳೆ. ದರ್ಶನ ಎಲ್ಲಿ ಎಂದು ಕೇಳಿಲ್ಲ.

ಹೆದರಿಕೆಯಾಗುತ್ತದೆ. ಬಾಯಿ ತೆರೆದರೆ ಗಾಳಿ ಮಾತ್ರ ಬಂದರೆ ಏನು ಮಾಡಲಿ? ನಾಲ್ಕು ತಿಂಗಳಿಂದ ಒಂದು ಮಾತು ಒಳಗೆ ಇಟ್ಟುಕೊಂಡಿದ್ದೇನೆ, ಮೊದಲು ಯಾರಿಗೆ ಆಡಬೇಕು ಎಂದೂ ಗೊತ್ತು. ಯಾವ ಮಾತು ಎಂದು ಮಾತ್ರ ಇನ್ನೂ ಗೊತ್ತಿಲ್ಲ.

ಅಪ್ಪಯ್ಯ


ಬರೋಡಾ
೧೫ ಏಪ್ರಿಲ್ ೧೯೬೭

ಅಪ್ಪಯ್ಯನಿಗೆ,

ರಾತ್ರಿಯ ಗಾಡಿಗೆ ನಿಮ್ಮಿಬ್ಬರನ್ನು ಹತ್ತಿಸಿ ಬಂದೆ. ಎದುರಿದ್ದಾಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಅಭ್ಯಾಸವಾಗಿಬಿಟ್ಟಿದೆ.

ಆಸ್ಪತ್ರೆಯಲ್ಲಿ ನೀವು ಮಾಡಿದ್ದನ್ನು ಅಮ್ಮ ಹೇಳಿದಳು. “ಕಾಕಾ, ಈಗ ಏನಾದರೂ ಮಾತಾಡಿ” ಎಂದು ಡಾಕ್ಟರು ಹೇಳಿದರೆ ನೀವು ಸ್ಲೇಟಿನಲ್ಲಿ ‘ಇಲ್ಲಿ ಅಲ್ಲ’ ಎಂದು ಬರೆದಿರಂತೆ. “ಮತ್ತೆ ನನ್ನ ಕೆಲಸ ಸರಿಯಾಯಿತೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು?” ಎಂದು ಅವರು ಕೇಳಿದರೆ, ‘ಕಾರ್ಡು ಹಾಕುತ್ತೇನೆ’ ಎಂದು ಬರೆದಿರಂತೆ. ಅಮ್ಮನಿಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲವಂತೆ.

ನೀವಿಬ್ಬರೂ ಒಳಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಕಣ್ಣು ಮುಚ್ಚಿದ್ದೆ. ಹೊಸಬರಿರುವಾಗ ಮೊದಲ ಸುತ್ತು ಎಲ್ಲರೂ ಸೇರಿ ಮೆಲ್ಲನೆ ಬಾಯಿಬಿಟ್ಟು ಎಣಿಸುತ್ತೇವೆ. ಏಕ್, ಬೇ, ತ್ರಣ್. ನಾಲ್ಕಕ್ಕೋ ಐದಕ್ಕೋ ಗಾರ್ಡಿಗೆ ಕೆಮ್ಮು ಬಂತು, ಎಲ್ಲರ ಲಯ ತಪ್ಪಿತು. ಮತ್ತೆ ಮೊದಲಿನಿಂದ ಎಂದೆ. ಎಲ್ಲರೂ ಉಸಿರು ತೆಗೆದುಕೊಂಡರು. ಅವರು ಏಕ್ ಎನ್ನುವ ಮೊದಲೇ ಹಿಂದಿನಿಂದ ಒಂದು ದನಿ, ತೆಳ್ಳಗೆ, ನಡುವೆ ಬಿರುಕು ಬಿಟ್ಟದ್ದು, “ಒಂದು” ಎಂದಿತು.

ನಿಮ್ಮ ದನಿಯ ಹಾಗೆ ಇರಲಿಲ್ಲ ಅಪ್ಪಯ್ಯ. ಗುರುತು ಸಿಗುವ ಹಾಗೇ ಇರಲಿಲ್ಲ. ಆದರೆ ಆ ಹಾಲ್‌ನಲ್ಲಿ ನಾಲ್ಕು ವರ್ಷದಲ್ಲಿ ಯಾರೂ ಕನ್ನಡದಲ್ಲಿ ಎಣಿಸಿಲ್ಲ.

ತರಗತಿಯಲ್ಲಿ ನಾನು ಕಣ್ಣು ತೆರೆಯುವುದು ಕೊನೆಗೆ. ನಿನ್ನೆ ಆಗಲೇ ತೆರೆದೆ. ನೀವು ಎರಡು ಎನ್ನಲಿಲ್ಲ. ನಾನೂ ಮುಂದಕ್ಕೆ ಎಣಿಸಲಿಲ್ಲ. ಹೆಂಗಸರು ತಾವೇ ಹತ್ತರವರೆಗೆ ಹೋಗಿ ಬಂದರು.

ಜಯಂತಿ


ಸೂರತ್
೨೦ ಏಪ್ರಿಲ್ ೧೯೬೭

ಜಯಂತಿ ಮಗಾ,

ಡಾಕ್ಟರಿಗೆ ಕಾರ್ಡು ಹಾಕಿದೆ. ದನಿ ಬಂದಿದೆ, ತೆಳ್ಳಗಿದೆ, ಬಳಕೆಗೆ ಅಡ್ಡಿಯಿಲ್ಲ ಎಂದು.

ಅದು ಅಡುಗೆಮನೆಗೆ ಮುಟ್ಟುವುದಿಲ್ಲ. ನಿನ್ನೆ ಪರೀಕ್ಷಿಸಿ ನೋಡಿದೆ. ಗಲ್ಲಾದಿಂದ ಎರಡನೇ ಮೇಜಿನ ಆಚೆಗೆ ಸತ್ತುಹೋಗುತ್ತದೆ. “ಎಂತ ಹೇಳ್ದ್ರಿ?” ಎಂದು ನಾರಾಯಣ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಏನಿಲ್ಲ ಎಂದು ಕೈ ಮಾಡಿದೆ. ಚೀಟಿ ಪದ್ಧತಿ ಮುಂದುವರಿಯಲಿ. ಶೇಠರಿಗೆ ಮಾತ್ರ ನನ್ನ ದನಿ ಕೇಳಿ ಬೇಸರವಾಗಿದೆ.

ಆವತ್ತು ತರಗತಿ ಮುಗಿದು ನೀನು ಕಿಟಕಿ ಹಾಕುತ್ತಿದ್ದಾಗ ನಾನು ಹಾಲ್‌ನಲ್ಲಿ ಸುಮ್ಮನೆ ಓಡಾಡುತ್ತಿದ್ದೇನೆ ಎಂದುಕೊಂಡೆಯಲ್ಲ? ಅಳೆಯುತ್ತಿದ್ದೆ. ಕೊನೆಯ ಸಾಲಿನ ಕುರ್ಚಿಯಿಂದ ನಿನ್ನ ಚಾಪೆಗೆ ಹದಿನಾಲ್ಕು ಹೆಜ್ಜೆ.

ಅಷ್ಟು ದೂರ ಮುಟ್ಟಿತು.

ಅಪ್ಪಯ್ಯ